ಬೇಟೆಗಾರನ ಹೊರೆ, ಗುರಿಕಾರನ ತೂಕ

ಕಲಬುರಗಿಯ ಜಗತ್ ವೃತ್ತದಿಂದ ಕೋಟೆ ದೂರವೇನಿಲ್ಲ. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಆ ಕೋಟೆಗೆ ಹೋದವರು ಜಾಮಿ ಮಸೀದಿಯನ್ನು ನೋಡಿ, ಬುರುಜು ಹತ್ತಿ, ಕೊನೆಗೆ ಒಂದು ತೋಪಿನ ಮುಂದೆ ನಿಲ್ಲುತ್ತಾರೆ. ಬಾರಾ ಗಜಿ ತೋಪು ಎಂದು ಅದರ ಹೆಸರು. ಉದ್ದ ಸುಮಾರು 29 ಅಡಿ ಎಂದು ಹೇಳುತ್ತಾರೆ. ಅದನ್ನು ಹೆಗಲ ಮೇಲೆ ಹೊರುವ ಮಾತಿರಲಿ, ಇದ್ದ ಜಾಗದಿಂದ ಕದಲಿಸುವುದಕ್ಕೇ ಒಂದು ಊರಿನ ಜನ ಬೇಕು. ಇಂಥ ತೋಪು ಶತ್ರುವನ್ನು ಹುಡುಕಿಕೊಂಡು ಹೋಗುವುದಿಲ್ಲ. ಶತ್ರು ತಾನಾಗಿ ಬರುವವರೆಗೆ ಕಾಯುತ್ತದೆ.

ಇದೇ ಸೀಮೆಯ ಇನ್ನೊಂದು ತುದಿಯಲ್ಲಿ ತದ್ವಿರುದ್ಧವಾದ ಲೆಕ್ಕ ಹಾಕುತ್ತಿದ್ದವರು ಇದ್ದರು. ಅವರು ಸುರಪುರದ ಬೇಡರು. ಇದ್ದದ್ದನ್ನೆಲ್ಲ ಮೈಮೇಲೇ ಹೊತ್ತು, ಕಲ್ಲು ಮುಳ್ಳಿನ ಗುಡ್ಡದಲ್ಲಿ ದಿನವಿಡೀ ನಡೆದು, ಸಂಜೆಯ ಹೊತ್ತಿಗೆ ಸಿಕ್ಕ ಒಂದೇ ಅವಕಾಶದಲ್ಲಿ ಗುರಿ ಮುಟ್ಟಬೇಕಾದವರು. ಹೊರುವ ಪ್ರತಿಯೊಂದು ಸಾಮಾನೂ ಅವರ ಕಾಲಿಗೆ ಭಾರ. ಬಿಟ್ಟುಹೋದ ಪ್ರತಿಯೊಂದು ಸಾಮಾನೂ ಕಾಡಿನಲ್ಲಿ ಕೊರತೆ.

ಬಂದೂಕು ಹಗುರವಿರಬೇಕೇ, ಭಾರವಿರಬೇಕೇ? ಒಂದೇ ಬಂದೂಕು ಬೇಟೆಗೂ ಗುರಿ ಹೊಡೆಯುವ ಪಂದ್ಯಕ್ಕೂ ಆದೀತೇ? ಜಗತ್ತಿನ ಎಲ್ಲ ಕಡೆಯ ಶಿಕಾರಿಗಳೂ ಗುರಿಕಾರರೂ ಇಂದಿಗೂ ಚರ್ಚಿಸುವ ಪ್ರಶ್ನೆ ಇದು. ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಕಾಲಿನಲ್ಲಿದೆ. ನಡೆಯುವವನಿಗೆ ಬೇಕಾದ ತೂಕವೇ ಬೇರೆ, ನಿಂತು ಹೊಡೆಯುವವನಿಗೆ ಬೇಕಾದ ತೂಕವೇ ಬೇರೆ.

ಅರಸನ ಬೇಟೆ, ಆಳಿನ ಹೊರೆ

ಕಲಬುರಗಿಯಿಂದ ಕಮಲಾಪುರದ ಗುಡ್ಡಗಳನ್ನು ದಾಟಿ, ಹುಮನಾಬಾದಿನ ಮೇಲೆ ಹಾದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಬೇಟೆಗೂ ಒಂದು ಭಾಗವಿದೆ. ಬೇಟೆನಾಯಿಗಳ ವಿನೋದ, ಗಿಡುಗದ ವಿನೋದ, ಮೃಗಬೇಟೆಯ ವಿನೋದ ಎಂದು ಬೇರೆ ಬೇರೆಯಾಗಿ ಅದು ವಿವರಿಸುತ್ತದೆ. ಆದರೆ ಅರಸನ ಬೇಟೆಯಲ್ಲಿ ಹೊರೆಯ ಪ್ರಶ್ನೆಯೇ ಏಳುವುದಿಲ್ಲ. ಆಯುಧ ಹೊರುವವರು, ಕಾಡು ಸೋಹುವವರು, ಬಿಡಾರ ಹೂಡುವವರು ಬೇರೆಯೇ ಇರುತ್ತಾರೆ. ಹೊರುವ ಮೈ ತನ್ನದಲ್ಲದಿದ್ದಾಗ ಸಾಮಾನಿನ ತೂಕ ಯಾರಿಗೂ ಕಾಣುವುದಿಲ್ಲ.

ತನ್ನ ಹೊರೆಯನ್ನು ತಾನೇ ಹೊರುವವನ ಮೊದಲ ಉಪಾಯ, ಕೆಲಸದ ಒಂದು ಪಾಲನ್ನು ನಾಯಿಗೆ ವಹಿಸುವುದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನ ಇದಕ್ಕೆ ಸಾಕ್ಷಿ. ಕಾಳಿ ಎಂಬ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ಆ ಕಲ್ಲು ಹೇಳುತ್ತದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಗಾರ ಹೊರಬೇಕಿಲ್ಲದ, ತಾನೇ ನಡೆದುಬರುವ ಆಯುಧಕ್ಕೆ ಹಾಕಿಸಿದ ವೀರಗಲ್ಲು ಅದು.

ಎರಡನೆಯ ಉಪಾಯ ಇನ್ನೂ ಹಗುರ. ಕಲಬುರಗಿ, ವಿಜಯಪುರದ ಕಡೆ ಹರಣಶಿಕಾರಿಗಳೆಂದು ಕರೆಸಿಕೊಳ್ಳುವ, ಗಡಿಯಾಚೆ ಪಾರ್ಧಿಗಳೆಂದು ಹೆಸರಾದ ಜನರ ಬೇಟೆಯಲ್ಲಿ ಬಂದೂಕಿಗೆ ಸ್ಥಾನವೇ ಇರಲಿಲ್ಲ. ಹಗ್ಗದ ಉರುಲು, ಬಲೆ, ಜೊತೆಗೆ ಕೆಲವು ಪಂಗಡಗಳಲ್ಲಿ ಪಳಗಿಸಿದ ಒಂದು ಎತ್ತು ಅಥವಾ ಆಕಳು. ಮೇಯುತ್ತಿರುವ ದನದ ಮರೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಬೇಟೆಯ ಹತ್ತಿರ ಸರಿಯುವ ಜಾಣ್ಮೆಗೆ ತೂಕವೇ ಇಲ್ಲ. ಸದ್ದಿಲ್ಲ, ಮದ್ದಿನ ಖರ್ಚಿಲ್ಲ, ಮಳೆಯಲ್ಲಿ ತೊಯ್ದು ಕೆಡುವ ಭಯವೂ ಇಲ್ಲ.

ಒಂದು ಸಾಮಾನು, ನಾಲ್ಕು ಕೆಲಸ

ಈ ಸೀಮೆಯ ನೆಲವನ್ನು ನೋಡಿದರೆ ಸಾಮಾನಿನ ಆಯ್ಕೆ ತಾನಾಗಿ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟ ಕರಿಮಣ್ಣು, ಕಲ್ಲು, ಜಾಲಿ ಮುಳ್ಳು. ಮಳೆ ಬಿದ್ದರೆ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಇಂಥ ನೆಲದಲ್ಲಿ ನಡೆಯುವವರು ಒಂದೊಂದು ಕೆಲಸಕ್ಕೆ ಒಂದೊಂದು ಸಾಮಾನು ಒಯ್ಯಲಾರರು.

ಕುರುಬರ ಕಂಬಳಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಮಡಿಸಿ ತಲೆಗೆ ಹಾಕಿಕೊಂಡರೆ ಮಳೆಗೆ ಕೊಪ್ಪೆ, ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಸುತ್ತಿ ಬಂಡೆಯ ಮೇಲಿಟ್ಟರೆ ಬಂದೂಕಿನ ನಳಿಗೆಗೆ ಮೆತ್ತನೆಯ ಆಸರೆ. ಉಣ್ಣೆ ತೊಯ್ದರೂ ಮೈಯ ಬಿಸಿಯನ್ನು ಸ್ವಲ್ಪ ಹಿಡಿದಿಡುತ್ತದೆ. ತೊಯ್ದ ಹತ್ತಿಬಟ್ಟೆಗೆ ಆ ಗುಣವಿಲ್ಲ. ಕೈಯಲ್ಲಿನ ಕೋಲೂ ಹಾಗೆಯೇ. ಏರು ಹತ್ತುವಾಗ ಮೂರನೆಯ ಕಾಲು, ಪೊದೆ ಸರಿಸುವಾಗ ಕೈ, ಗುರಿ ಹಿಡಿಯುವಾಗ ಆನಿಕೆ. ಬುತ್ತಿಗೆ ಕಟಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ನೀರಿನ ಅಂಶ ಕಡಿಮೆ ಇರುವುದರಿಂದ ಹಗುರ, ದಿನಗಟ್ಟಲೆ ಕೆಡುವುದಿಲ್ಲ.

ಇಂದು ಪರದೇಶದ ಚಾರಣಿಗರು ದುಬಾರಿ ಬೆಲೆಗೆ ಕೊಳ್ಳುವ ಹಗುರ ಸಾಮಾನಿನ ಹಿಂದಿರುವುದೂ ಇದೇ ತತ್ವ. ಎರಡು ಕೆಲಸ ಮಾಡದ ವಸ್ತು ಹೆಗಲಿಗೆ ಬರಬಾರದು. ಅದಿಲ್ಲದೆ ಜೀವಕ್ಕೆ ಅಪಾಯವಿದೆ ಎಂದಾದರೆ ಮಾತ್ರ ವಿನಾಯಿತಿ.

ಬತ್ತಿಯಿಂದ ತೋಟೆಯವರೆಗೆ

ಬಂದೂಕಿನ ಮಾತಿಗೆ ಬಂದರೆ, ಹಳೆಯ ಕಾಲದ ಬತ್ತಿಯ ಬಂದೂಕು ಬೇಟೆಗಾರನಿಗೆ ದೊಡ್ಡ ಸಂಸಾರ. ಮದ್ದಿನ ಕೊಂಬು, ಗುಂಡಿನ ಚೀಲ, ಗಜ, ಕಿಡಿ ಹೊತ್ತಿಸುವ ಚಕಮಕಿ, ಸದಾ ಹೊಗೆಯಾಡುವ ಬತ್ತಿ ಇವೆಲ್ಲ ಜೊತೆಗಿರಬೇಕು. ಕುದುರೆ ಎಳೆದಾಗ ಉರಿಯುವ ಬತ್ತಿ ಕಿವಿಯ ಮದ್ದಿಗೆ ತಾಗಿ, ಅಲ್ಲಿಂದ ಬೆಂಕಿ ನಳಿಗೆಯೊಳಕ್ಕೆ ಹೋಗುತ್ತದೆ. ಮಳೆ ಬಂದರೆ ಬತ್ತಿ ಆರುತ್ತದೆ. ಗಾಳಿ ಬೀಸಿದರೆ ಅದರ ವಾಸನೆ ಮೃಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ತಾಮ್ರದ ಕೇಪು ಬಂದಾಗ ಬತ್ತಿಯ ಹಂಗು ತಪ್ಪಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಕೇಪು, ಮದ್ದು, ಗುಂಡು ಮೂರೂ ಒಂದೇ ಡಬ್ಬಿಯಲ್ಲಿ ಅಡಗಿದ ತೋಟೆ ಬಳಕೆಗೆ ಬಂದು, ಕೊಂಬೂ ಗಜವೂ ಮನೆಯಲ್ಲೇ ಉಳಿದವು. ಬೇಟೆಗಾರನ ಹೊರೆ ಇಳಿದದ್ದು ಹೆಚ್ಚಾಗಿ ಹೀಗೆ, ಸುತ್ತಲಿನ ಪರಿಕರಗಳು ಒಂದೊಂದಾಗಿ ಕಳಚಿ.

ಒಂದೇ ಬಂದೂಕಿನಲ್ಲಿ ಹಲವು ಕೆಲಸ ಎಂಬುದಕ್ಕೆ 12 ಬೋರಿನ ಜೋಡುನಳಿಗೆ ಬಂದೂಕು ಮಾದರಿಯಾಯಿತು. 12 ಬೋರ್ ಎಂದರೇನು ಎಂಬುದು ಅನೇಕರಿಗೆ ಗೊತ್ತಿಲ್ಲ. ಒಂದು ಪೌಂಡು ಸೀಸವನ್ನು ಸಮನಾದ 12 ಗುಂಡುಗಳಾಗಿ ಎರಕ ಹೊಯ್ದರೆ, ಅದರಲ್ಲೊಂದು ಗುಂಡು ಸರಿಯಾಗಿ ಹಿಡಿಸುವ ನಳಿಗೆಯೇ 12 ಬೋರ್. ಅದರ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಒಂದು ನಳಿಗೆಯಲ್ಲಿ ಹಕ್ಕಿಗೆ ಸಾಕಾಗುವ ಸಣ್ಣ ಚರೆ, ಇನ್ನೊಂದರಲ್ಲಿ ಹಂದಿಗೆ ಬೇಕಾದ ಒಂಟಿ ಗುಂಡು. ತೋಟೆ ಬದಲಾಯಿಸಿದರೆ ಬಂದೂಕೇ ಬದಲಾದಂತೆ. ತೂಕ ಸುಮಾರು ಮೂರು ಕಿಲೋ. ನಮ್ಮ ದೇಶದ ಹಳ್ಳಿಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದವರ ಮನೆಗಳಲ್ಲಿ ಈ ಬಂದೂಕು ನೆಲೆಯೂರಿದ್ದು ಇದೇ ಕಾರಣಕ್ಕೆ.

ಭಾರವೇ ಬಲವಾಗುವ ಜಾಗ

ಹಾಗಾದರೆ ಬಂದೂಕನ್ನು ಇನ್ನೂ ಹಗುರ ಮಾಡಬಹುದಲ್ಲ? ಮಾಡಬಹುದು, ಆದರೆ ಹೆಗಲು ಅದರ ಬೆಲೆ ತೆರಬೇಕಾಗುತ್ತದೆ. 32 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಮುಂದಕ್ಕೆ ಹಾರಿದರೆ, ಮದ್ದಿನ ಅನಿಲದ ಪಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಮೂರು ಕಿಲೋ ಬಂದೂಕು ಸೆಕೆಂಡಿಗೆ ಸುಮಾರು 4.3 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಅದೇ ತೋಟೆಯನ್ನು ನಾಲ್ಕು ಕಿಲೋ ಬಂದೂಕಿನಲ್ಲಿ ಹಾರಿಸಿದರೆ ಆ ವೇಗ 3.2 ಮೀಟರಿಗೆ ಇಳಿಯುತ್ತದೆ. ಒದೆತದ ಶಕ್ತಿ ಕಾಲು ಭಾಗ ಕಡಿಮೆಯಾಗುತ್ತದೆ. ದಿನಕ್ಕೆ ಒಂದೆರಡು ಸಲ ಹಾರಿಸುವ ಬೇಟೆಗಾರನಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಒಂದೇ ದಿನ ನೂರಾರು ತೋಟೆ ಹಾರಿಸುವ ಪಂದ್ಯದ ಗುರಿಕಾರನಿಗೆ ಅದೇ ಸೋಲು ಗೆಲುವಿನ ಪ್ರಶ್ನೆ.

ಒದೆತಕ್ಕಿಂತ ದೊಡ್ಡ ಸಮಸ್ಯೆ ನಡುಕ. ಉಸಿರು, ನಾಡಿ, ಸ್ನಾಯು ಇವುಗಳ ಸಣ್ಣ ಅಲುಗಾಟ ಹಗುರವಾದ ನಳಿಗೆಯನ್ನು ಬೇಗ ಅಲುಗಿಸುತ್ತದೆ. ಭಾರವಾದ ನಳಿಗೆ ಆ ಅಲುಗಾಟಕ್ಕೆ ಸುಲಭವಾಗಿ ಓಗೊಡುವುದಿಲ್ಲ. ಆದ್ದರಿಂದಲೇ ಅಂತರರಾಷ್ಟ್ರೀಯ ಶೂಟಿಂಗ್ ನಿಯಮಗಳಲ್ಲಿ ರೈಫಲು ಕನಿಷ್ಠ ಎಷ್ಟು ತೂಗಬೇಕು ಎಂಬ ಮಾತಿಲ್ಲ. ಗರಿಷ್ಠ ಎಷ್ಟು ತೂಗಬಹುದು ಎಂಬ ಮಿತಿ ಇದೆ. 10 ಮೀಟರ್ ಏರ್ ರೈಫಲಿಗೆ 5.5 ಕಿಲೋ, ಏರ್ ಪಿಸ್ತೂಲಿಗೆ 1.5 ಕಿಲೋ. ಮಿತಿ ಇಡದಿದ್ದರೆ ಎಲ್ಲರೂ ಭಾರ ಹೆಚ್ಚಿಸುತ್ತಲೇ ಹೋಗುತ್ತಿದ್ದರು. ಏರ್ ರೈಫಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ ಎಂಬುದನ್ನು ನೆನೆದರೆ ಈ ಆಸೆ ಅರ್ಥವಾದೀತು. ತೊಡುವ ದಪ್ಪ ಕೋಟಿನ ಬಿಗುವಿಗೂ ದಪ್ಪಕ್ಕೂ ಅಳತೆಯ ಕಟ್ಟು ಇದೆ.

ಹಿಮದ ನಾಡುಗಳ ಬಯಾಥ್ಲಾನ್ ಪಂದ್ಯದಲ್ಲಿ ಈ ಲೆಕ್ಕ ತಲೆಕೆಳಗು. 1960ರಿಂದ ಒಲಿಂಪಿಕ್ಸಿನಲ್ಲಿರುವ ಈ ಆಟದಲ್ಲಿ ಸ್ಪರ್ಧಿ ಬಂದೂಕನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುಪಟ್ಟಿಗಳಲ್ಲಿ ಓಡಿ, ಏದುಸಿರಿನಲ್ಲೇ 50 ಮೀಟರ್ ದೂರದ ಗುರಿಗೆ ಹೊಡೆಯಬೇಕು. ಅಲ್ಲಿ ರೈಫಲಿನ ಗರಿಷ್ಠ ತೂಕ ಯಾರ ಚಿಂತೆಯೂ ಅಲ್ಲ. ತೂಕ ಕನಿಷ್ಠ 3.5 ಕಿಲೋ ಇರಲೇಬೇಕೆಂಬುದು ನಿಯಮ. ಹೊತ್ತು ಓಡುವವರೆಲ್ಲ ಬಂದೂಕನ್ನು ಹಗುರ ಮಾಡುತ್ತಲೇ ಹೋಗುತ್ತಾರೆ ಎಂದು ನಿಯಮ ಬರೆದವರಿಗೆ ಗೊತ್ತಿತ್ತು. ನಿಂತು ಹೊಡೆಯುವವರಿಗೆ ಮೇಲಿನ ಮಿತಿ, ಹೊತ್ತು ಓಡುವವರಿಗೆ ಕೆಳಗಿನ ಮಿತಿ. ಎರಡು ನಿಯಮಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಇಡೀ ವಾದ ಅಲ್ಲಿಗೆ ತೀರುತ್ತದೆ.

ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಬೇಟೆಯನ್ನೇ ಹೋಲುವ ಪಂದ್ಯಗಳು ನಡೆಯುತ್ತಿವೆ. ಸ್ಪರ್ಧಿ ತನ್ನ ಚೀಲ, ದುರ್ಬೀನು, ಮೂರುಗಾಲಿನ ಆನಿಕೆ ಎಲ್ಲವನ್ನೂ ತಾನೇ ಹೊತ್ತು ಗುಡ್ಡ ಹತ್ತಿ, ದೂರದ ಕಬ್ಬಿಣದ ಗುರಿಯನ್ನು ಹುಡುಕಿ ಹೊಡೆಯಬೇಕು. ಬೆನ್ನಿನ ಚೀಲವೇ ಅಲ್ಲಿ ಬಂದೂಕಿಗೆ ದಿಂಬು. ಕುರುಬರ ಕಂಬಳಿ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ನೈಲಾನಿನ ಚೀಲ ಮಾಡುತ್ತದೆ.

ಹಗುರ ಬಂದೂಕಿಗೆ ಹೆದರಿದ ಸರ್ಕಾರಗಳು

ಹೊತ್ತು ನಡೆಯಬಲ್ಲ ಬಂದೂಕು ಬೇಟೆಗಷ್ಟೇ ಮೀಸಲಾಗಲಿಲ್ಲ ಎಂಬುದೇ ಈ ಸೀಮೆಯ ಇತಿಹಾಸ. 1705ರಲ್ಲಿ ಔರಂಗಜೇಬ್ ತನ್ನ ಕೊನೆಯ ದಂಡಯಾತ್ರೆಯಲ್ಲಿ ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಎದುರಿಗಿದ್ದವನು ಬೇಡ ನಾಯಕ ಪಿಡ್ಡನಾಯಕ. ಮೊಘಲರ ಬಳಿ ದೊಡ್ಡ ತೋಪುಗಳಿದ್ದವು. ಬೇಡರ ಬಳಿ ಗುರಿ ತಪ್ಪದ ಬಂದೂಕುಗಾರರಿದ್ದರು. ಆ ದಾಳಿಯನ್ನು ಬರೆದಿಟ್ಟ ಇತಿಹಾಸಕಾರರು ಬೇಡರ ಗುರಿಗಾರಿಕೆಯನ್ನು ಮರೆಯದೆ ಹೇಳುತ್ತಾರೆ. ಎರಡು ತಿಂಗಳಿಗೂ ಮೀರಿದ ಮುತ್ತಿಗೆಯ ನಂತರ ಕೋಟೆ ಬಾದಶಹನ ಕೈಸೇರಿತು. ಆದರೆ ಒಳಗೆ ಹೋದವರಿಗೆ ಪಿಡ್ಡನಾಯಕ ಸಿಗಲಿಲ್ಲ. ರಾತ್ರೋರಾತ್ರಿ ಬೇಡರು ಕೋಟೆ ಬಿಟ್ಟು ಹೋಗಿದ್ದರು. ಹೊರೆ ಕಡಿಮೆ ಇದ್ದವರಿಗೆ ಮಾತ್ರ ಸಾಧ್ಯವಾದ ಕೆಲಸ ಅದು.

ಒಂದೂವರೆ ಶತಮಾನದ ಮೇಲೆ ಬಂದ ಬ್ರಿಟಿಷರು ಬೇರೆ ದಾರಿ ಹಿಡಿದರು. ಅವರು ಕೋಟೆಗಿಂತ ಮೊದಲು ಮನೆಮನೆಯ ಆಯುಧದ ಮೇಲೆ ಕಣ್ಣಿಟ್ಟರು. 1857ರ ನಿಶ್ಶಸ್ತ್ರೀಕರಣದ ಕಾನೂನಿಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರಿಗೆ ಹೊಟ್ಟೆಯ ಪಾಡೂ ಹೌದು, ಮಾನವೂ ಹೌದು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮರ ಹೆಸರುಗಳು ಉತ್ತರ ಕರ್ನಾಟಕದ ಲಾವಣಿಯಲ್ಲಿ ಉಳಿದವು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬಂಡೆದ್ದು, ಸೆರೆಸಿಕ್ಕು, ಅದೇ ವರ್ಷ ತೀರಿಕೊಂಡ.

ಉರುಲು ಬಲೆಗಳ ಹರಣಶಿಕಾರಿಗಳಿಗೂ ಬಿಡುಗಡೆ ಇರಲಿಲ್ಲ. ಅಲೆದಾಡುವ ಇಂಥ ಅನೇಕ ಸಮುದಾಯಗಳನ್ನು 1871ರಿಂದ ಮೊದಲ್ಗೊಂಡು ಅಪರಾಧಿ ಬುಡಕಟ್ಟುಗಳ ಕಾನೂನಿನಡಿ ಪಟ್ಟಿ ಮಾಡಲಾಯಿತು. ಆ ಪಟ್ಟಿ 1952ರಲ್ಲಿ ರದ್ದಾಯಿತು. ಹಣೆಪಟ್ಟಿ ಅಷ್ಟು ಬೇಗ ಅಳಿಯಲಿಲ್ಲ.

ಇದೇ ಕಾಲದಲ್ಲಿ ಕೊಡಗಿನ ಕಥೆ ಬೇರೆಯಾಯಿತು. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟ. ಸ್ವತಂತ್ರ ಭಾರತದಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜೆ ಸಲ್ಲುತ್ತದೆ. ಹಿಂದೆ ಆ ಪೂಜೆಯ ಮರುದಿನಗಳೇ ಬೇಟೆಯ ದಿನಗಳು. ಈಗ ಉಳಿದಿರುವುದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮಕ್ಕಳಿಗೆ ಏರ್ ಗನ್ನಿನಲ್ಲಿ ಮೊಟ್ಟೆಗೆ ಹೊಡೆಯುವ ಪಂದ್ಯವೂ ಕೆಲವೆಡೆ ಉಂಟು. ಬೇಟೆಗೆಂದು ಮಾಡಿದ ಕೋವಿಯೇ ಪಂದ್ಯದ ಕೋವಿಯೂ ಆದ, ನಮ್ಮ ನಾಡಿನ ಅಪರೂಪದ ನಿದರ್ಶನ ಇದು.

ಮೃಗ ಹೋಯಿತು, ಗುರಿ ಉಳಿಯಿತು

ಕಮಲಾಪುರ, ಚಿಂಚೋಳಿಗಳ ಗುಡ್ಡಗಾಡಿನಲ್ಲಿ ಇಂದು ಬಂದೂಕು ಹೊತ್ತು ಬೇಟೆಗೆ ಹೊರಡುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸಿನ ದಾರಿ ಉಳಿಸಿತ್ತು. 1991ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತು. ಚಿಂಚೋಳಿಯ ಕಾಡು ಈಗ ವನ್ಯಜೀವಿಧಾಮ. ಈ ನಿಷೇಧ ಅಗತ್ಯವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಬಂದೂಕು ಹಗುರವಾಗಿ, ತೋಟೆ ಸುಲಭವಾಗಿ, ಜೀಪು ರಾತ್ರಿಯ ದಾರಿಗೆ ಬೆಳಕು ಚೆಲ್ಲಿದ ಮೇಲೆ, ಬೇಟೆಗಾರನ ದಣಿವು ಒಂದೇ ಮೃಗಗಳಿಗೆ ರಕ್ಷಣೆಯಾಗಿ ಉಳಿದಿತ್ತು. ಅದೂ ಇಲ್ಲವಾದಾಗ ಬಯಲಿನ ಚಿಗರೆಗೆ ಓಡಲು ಜಾಗ ಸಾಲಲಿಲ್ಲ.

ಆದ್ದರಿಂದ ಕಾನೂನು ಒಪ್ಪುವ ಗುರಿಗಾರಿಕೆ ಈಗ ಶೂಟಿಂಗ್ ಅಂಗಳದಲ್ಲಿದೆ. ಅಲ್ಲಿ ದೇಶ ಹಿಂದೆ ಬಿದ್ದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲಿನಲ್ಲಿ ಚಿನ್ನ ಗೆದ್ದರು. ಕರ್ನಾಟಕದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತ ಗೆದ್ದ ಆರು ಪದಕಗಳಲ್ಲಿ ಮೂರು ಶೂಟಿಂಗಿನವು.

ಹೊಸದಾಗಿ ಈ ದಾರಿಗೆ ಬರುವ ಹುಡುಗ ಹುಡುಗಿಯರಿಗೆ ತೂಕದ ಪ್ರಶ್ನೆ ಮತ್ತೆ ಎದುರಾಗುತ್ತದೆ. 4.5 ಮಿಲಿಮೀಟರ್ ಮೀರದ ನಳಿಗೆ, 20 ಜೂಲ್ ಮೀರದ ಶಕ್ತಿಯ ಏರ್ ಗನ್ನಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಕಲಿಕೆ ಅಲ್ಲಿಂದಲೇ ಶುರುವಾಗುವುದು ವಾಡಿಕೆ. ಮದ್ದಿನ ಬಂದೂಕಿನ ಮಾತು ಬೇರೆ. ಸಾಮಾನ್ಯ ಲೈಸೆನ್ಸುದಾರ ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿದ್ದ ಮಿತಿ 2019ರ ತಿದ್ದುಪಡಿಯಿಂದ ಎರಡಕ್ಕೆ ಇಳಿದಿದೆ. ಹಾಗಾಗಿ ಬೆಳೆ ಕಾಯುವುದಕ್ಕೂ ಪಂದ್ಯಕ್ಕೂ ಒಂದೇ ಸಾಲದೇ ಎಂಬ ಹಳೆಯ ಆಸೆ ಮತ್ತೆ ಚಿಗುರುವುದು ಸಹಜ.

ಆದರೆ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೆಲೆಯವೂ ಅಲ್ಲ, ಹೆಸರಿನವೂ ಅಲ್ಲ. ಇದನ್ನು ಹೊತ್ತು ಎಷ್ಟು ದೂರ ನಡೆಯಬೇಕು? ನಿಂತಲ್ಲೇ ಎಷ್ಟು ಸಲ ಹಾರಿಸಬೇಕು? ದಸ್ತಾ ತೋಳಿನ ಉದ್ದಕ್ಕೆ ಸರಿಹೊಂದುತ್ತದೆಯೇ? ತೂಕ ಎರಡು ಕೈಗಳ ನಡುವೆ ನಿಲ್ಲುತ್ತದೆಯೋ, ನಳಿಗೆಯ ತುದಿಗೆ ಜಾರುತ್ತದೆಯೋ? ಹದಿನಾಲ್ಕರ ಹುಡುಗಿಯ ಕೈಗೆ ಐದೂವರೆ ಕಿಲೋ ರೈಫಲು ಕೊಟ್ಟರೆ ಅದು ನಡುಕವನ್ನು ತಡೆಯುವ ಬದಲು ತಾನೇ ನಡುಕ ಹುಟ್ಟಿಸುತ್ತದೆ. ಮೈ ಬಲಿತಂತೆ ತೂಕ ಕೂಡಿಸುತ್ತ ಹೋಗುವುದೇ ಸರಿಯಾದ ಕ್ರಮ.

ಬಾರಾ ಗಜಿ ತೋಪು ಕೋಟೆಯೊಳಗೆ ಇಂದಿಗೂ ಮಲಗಿದೆ. ಅಷ್ಟು ಭಾರವನ್ನು ಯಾರೂ ಕದ್ದೊಯ್ಯಲಿಲ್ಲ. ವಾಗಣಗೇರಾದಿಂದ ರಾತ್ರೋರಾತ್ರಿ ಹೊರಟವರ ಹೆಗಲ ಮೇಲಿದ್ದ ಬಂದೂಕುಗಳನ್ನು ಮಾತ್ರ ಮುಂದೆ ಬಂದ ಸರ್ಕಾರಗಳು ಮನೆ ಮನೆ ಶೋಧಿಸಿ ಕೇಳಿದವು. ಎರಡರಲ್ಲಿ ಆಳುವವರು ಹೆದರಿದ್ದು ಯಾವುದಕ್ಕೆ ಎಂಬುದನ್ನು ಹಲಗಲಿಯ ಬೂದಿ ಹೇಳುತ್ತದೆ.